ಬಂಡೂರು ಕುರಿಗೆ ಅಡಿಕೆ ತೋಟದ ಹುಲ್ಲು

ಪ್ರಶ್ನೆ: ನಾಲ್ಕು ಬಂಡೂರು ಕುರಿ ತಂದಿದ್ದೇವೆ. ಮಳೆಗಾಲದಲ್ಲಿ ಅಡಿಕೆ ತೋಟದೊಳಗೇ ಮೇಯಲು ಬಿಡಬಹುದಾ? ಗೊರಸು ಕೊಳೆತರೆ ಮೈಲುತುತ್ತದ ನೀರು ಸಾಕಾ?
– ಓದುಗರೊಬ್ಬರು, ಹೊಸನಗರ

ಉತ್ತರ: ಬೋರ್ಡೋ ಹೊಡೆದ ತೋಟಕ್ಕೆ ಬಿಡಲೇಬೇಡಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಆ ದ್ರಾವಣ ಅಂದರೆ ಮೈಲುತುತ್ತ, ಸುಣ್ಣ. ಮೈಲುತುತ್ತದಲ್ಲಿ ಇರುವುದು ತಾಮ್ರ. ದನ ತಡೆದುಕೊಳ್ಳುವಷ್ಟು ತಾಮ್ರವನ್ನು ಕುರಿ ತಡೆಯುವುದಿಲ್ಲ. ಸದ್ದಿಲ್ಲದೆ ಪಿತ್ತಜನಕಾಂಗದಲ್ಲಿ ಸೇರುತ್ತಾ ಹೋಗಿ, ಒಂದು ದಿನ ಕುರಿ ಮೇಲೇಳುವುದೇ ಇಲ್ಲ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಹಾಗೇ ಒಂದು ಹೆಣ್ಣುಕುರಿ ಹೋಯಿತು. ಕಣ್ಣು ಅರಿಶಿನ, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣ. ಬೋರ್ಡೋ ಹೊಡೆಸಿದ್ದು ನಾನೇ, ಇನ್ಯಾರನ್ನು ಬೈಯಲಿ?

ಗೊರಸಿಗೂ ಮೈಲುತುತ್ತ ಬೇಡ, ನೆಕ್ಕಿಬಿಡುತ್ತವೆ. 10 ಲೀಟರ್ ನೀರಿಗೆ 1 ಕೆಜಿ ಜಿಂಕ್ ಸಲ್ಫೇಟ್ ಕರಗಿಸಿ, ಅದರಲ್ಲಿ ಕಾಲು ಮುಳುಗುವಂತೆ ಸ್ವಲ್ಪ ಹೊತ್ತು ನಿಲ್ಲಿಸಿ. ಗೊರಸು ಮೊದಲೇ ತೊಳೆದಿರಬೇಕು.

ಇವು ಮಂಡ್ಯದ ಬಯಲಿನ ಕುರಿಗಳು, ಕಾಲು ಬೇರೆ ಗಿಡ್ಡ. ನಮ್ಮ ಜಿಗಣೆ, ಕೆಸರು ಅವುಕ್ಕೆ ಹೊಸದು. ಹಾಗಾಗಿ ಔಷಧಿಗಿಂತ ಒಣ ನೆಲವೇ ಜಾಸ್ತಿ ಮುಖ್ಯ. ನಾವು ಅಡಿಕೆ ದಬ್ಬೆಯಲ್ಲಿ (ಸೀಳಿದ ಅಡಿಕೆ ಮರದಲ್ಲಿ) 2 ಅಡಿ ಎತ್ತರದ ಅಟ್ಟ ಹಾಕಿದ್ದೇವೆ. ಸಂದಿಯಲ್ಲಿ ಹಿಕ್ಕೆ ಕೆಳಗೆ ಉದುರುತ್ತದೆ, ಬೆಳಿಗ್ಗೆ ಬುಟ್ಟಿಗೆ ಬಳಿದರಾಯಿತು. ಸಂದಿ ಮಾತ್ರ ಕಿರಿದಾಗಿರಲಿ, ಇಲ್ಲದಿದ್ದರೆ ಮರಿಗಳ ಕಾಲು ಸಿಕ್ಕಿಕೊಳ್ಳುತ್ತದೆ.