ಬಾಟಲಿಯೊಳಗೆ ಕೊನ್ಯಾಕ್‌ಗೆ ವಯಸ್ಸಾಗುವುದಿಲ್ಲ

ಸೀಲು ಒಡೆಯದ ಹೆನ್ನೆಸಿ ಎಕ್ಸ್‌ಒ (‘ಎಕ್ಸ್‌ಟ್ರಾ ಓಲ್ಡ್’, ಅಂದರೆ ಬಹಳ ಹಳೆಯದು ಎಂಬ ದರ್ಜೆ) ಕೊನ್ಯಾಕ್ ಬಾಟಲಿಯನ್ನು ಇನ್ನೂ ಹತ್ತು ವರ್ಷ ಇಟ್ಟರೆ ರುಚಿ ಹೆಚ್ಚುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಕೊನ್ಯಾಕ್ ಎಂದರೆ ಫ್ರಾನ್ಸಿನ ಕೊನ್ಯಾಕ್ ಪ್ರದೇಶದ ಬ್ರಾಂಡಿ; ಅದು ಮಾಗುವುದು ಓಕ್ ಮರದ ಪೀಪಾಯಿಯಲ್ಲಿ ಮಾತ್ರ. ಉನಿ ಬ್ಲಾಂ ದ್ರಾಕ್ಷಿಯ ಹುಳಿ ವೈನನ್ನು ತಾಮ್ರದ ಹಂಡೆಗಳಲ್ಲಿ ಎರಡು ಬಾರಿ ಬಟ್ಟಿ ಇಳಿಸುತ್ತಾರೆ. ಮಾರ್ಚ್ 31ರೊಳಗೆ ಆ ಕೆಲಸ ಮುಗಿಯಲೇಬೇಕೆಂಬುದು ಅಲ್ಲಿನ ನಿಯಮ. ಆಗ ಸಿಗುವ ದ್ರವಕ್ಕೆ ಬಣ್ಣವೇ ಇರುವುದಿಲ್ಲ. ಆ ಜೇನುಬಣ್ಣ ಮರದ್ದು, ಘಮದಲ್ಲೂ ದೊಡ್ಡ ಪಾಲು ಮರದ್ದು ಮತ್ತು ಅದರ ಮೂಲಕ ಒಳನುಸುಳುವ ಗಾಳಿಯದು. ಆವಿಯಾಗಿ ಹೋಗುವುದನ್ನು ‘ದೇವದೂತರ ಪಾಲು’ ಎನ್ನುತ್ತಾರೆ. ಆ ಆವಿಯನ್ನೇ ಉಂಡು ಬೆಳೆಯುವ ಕಪ್ಪು ಬೂಷ್ಟು ಉಗ್ರಾಣದ ಗೋಡೆಗಳಿಗೆ ಮಸಿ ಬಳಿದುಬಿಡುತ್ತದೆ. ನನ್ನ ಲೆಕ್ಕದಲ್ಲಿ ದೇವದೂತರಿಗಿಂತ ಬೂಷ್ಟೇ ಪುಣ್ಯವಂತ!

ಐರ್ಲೆಂಡಿನ ರಿಚರ್ಡ್ ಹೆನ್ನೆಸಿ 1765ರಲ್ಲಿ ಆರಂಭಿಸಿದ ಈ ಸಂಸ್ಥೆಯಲ್ಲಿ ಬೇರೆ ಬೇರೆ ಪೀಪಾಯಿಗಳ ಮದ್ಯವನ್ನು ಬೆರೆಸುವ ಹೊಣೆ ತಲೆಮಾರುಗಳಿಂದ ಫಿಲಿಯೂ ಮನೆತನದ್ದು. ಎಕ್ಸ್‌ಒ ಹುಟ್ಟಿದ್ದು 1870ರಲ್ಲಿ. 2018ರಿಂದ, ಮಿಶ್ರಣದ ಅತಿ ಎಳೆಯ ಅಂಶವೂ ಕನಿಷ್ಠ 10 ವರ್ಷ ಪೀಪಾಯಿಯಲ್ಲಿ ಕಳೆದಿದ್ದರೆ ಮಾತ್ರ ಯಾವುದೇ ಕೊನ್ಯಾಕ್ ಆ ದರ್ಜೆಗೆ ಅರ್ಹ. ಮೊದಲು 6 ವರ್ಷ ಸಾಕಿತ್ತು.

ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಿ. ಮಲಗಿಸಿದರೆ ಮದ್ಯಸಾರ ಬಿರಡೆಯನ್ನು ಹಾಳುಮಾಡುತ್ತದೆ. ಕಾಯುವುದರಿಂದ ಲಾಭವಿಲ್ಲವಾದ್ದರಿಂದ, ಮನೆಗೆ ನೆಂಟರು ಬಂದಾಗ ಧಾರಾಳವಾಗಿ ತೆರೆಯಿರಿ.