ಹೋಲ್ಡನ್ ಕುರಿತ ನಿಮ್ಮ ಲೇಖನವನ್ನು ಯಾಕೆ ಹಿಂದಕ್ಕೆ ಕಳಿಸುತ್ತಿದ್ದೇವೆ

ಪ್ರಿಯ ಲೇಖಕರೇ,

ಜೆ.ಡಿ. ಸ್ಯಾಲಿಂಜರ್ ಅವರ ‘ದ ಕ್ಯಾಚರ್ ಇನ್ ದ ರೈ’ ಕಾದಂಬರಿಯ ಮೇಲೆ ನೀವು ಬರೆದ ‘ಹದಿಹರೆಯದ ಪರಕೀಯತೆ ಮತ್ತು ಕಳೆದುಹೋದ ಮುಗ್ಧತೆ’ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಹಾಗಂತ ಪಕ್ಕಕ್ಕಿಡುವಂಥದ್ದೂ ಅಲ್ಲ. ಪುಟ್ಟ ತಂಗಿ ಫೀಬಿ ಕ್ರಿಸ್‌ಮಸ್‌ಗೆಂದು ಕೂಡಿಟ್ಟ ದುಡ್ಡನ್ನು ಕತ್ತಲಲ್ಲಿ ಅಣ್ಣನ ಕೈಗಿಟ್ಟಾಗ ಕಥೆ ಹೇಳುವ ಹುಡುಗ ಹೋಲ್ಡನ್ ತಡೆಯಲಾರದೆ ಅಳುತ್ತಾನಲ್ಲ, ಅದರ ಬಗ್ಗೆ ನೀವು ಬರೆದ ಆರು ಸಾಲು ನಿಜಕ್ಕೂ ಚೆನ್ನಾಗಿವೆ. ಆ ಆರು ಸಾಲು ಬರೆಯುವಾಗ ಪುಸ್ತಕ ನಿಮ್ಮ ಎದುರಿಗಿತ್ತು. ಉಳಿದ ಮೂರು ಸಾವಿರ ಪದ ಬರೆಯುವಾಗ ಪುಸ್ತಕದ ಬಗ್ಗೆ ಬೇರೆಯವರು ಆಡಿದ ಮಾತಷ್ಟೇ ಇತ್ತು ಅನ್ನಿಸುತ್ತದೆ.

ಮೊದಲು ತಪ್ಪುಗಳನ್ನು ಮುಗಿಸಿಬಿಡೋಣ. ಹೋಲ್ಡನ್‌ನನ್ನು ಪೆನ್ಸಿ ಶಾಲೆ ಹೊರಹಾಕುವುದು ಹೊಡೆದಾಟಕ್ಕಲ್ಲ. ಐದು ವಿಷಯಗಳಲ್ಲಿ ನಾಲ್ಕು ಫೇಲ್, ಇಂಗ್ಲಿಷ್ ಒಂದೇ ಪಾಸು. ರೂಮ್‌ಮೇಟ್ ಸ್ಟ್ರಾಡ್ಲೇಟರ್ ಜೊತೆಗಿನ ಹೊಡೆದಾಟ ನಡೆಯುವುದು ಆರನೆಯ ಅಧ್ಯಾಯದಲ್ಲಿ, ಶಾಲೆ ಬಿಡಬೇಕೆಂದು ಗೊತ್ತಾದ ಮೇಲೆ. ಸತ್ತುಹೋದ ಆಲಿ ಅವನ ಅಣ್ಣನಲ್ಲ, ಎರಡು ವರ್ಷ ಚಿಕ್ಕ ತಮ್ಮ. ಅಣ್ಣ ಡಿ.ಬಿ., ಹಾಲಿವುಡ್‌ನಲ್ಲಿ ಸಿನಿಮಾಕ್ಕೆ ಬರೆಯುವವನು. ‘ಹುಚ್ಚಾಸ್ಪತ್ರೆಯಲ್ಲಿ ಕೂತು ಕಥೆ ಹೇಳುತ್ತಾನೆ’ ಎಂದು ಖಡಾಖಂಡಿತವಾಗಿ ಬರೆದಿದ್ದೀರಿ. ಕಾದಂಬರಿ ಅಷ್ಟು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಾಲಿವುಡ್‌ಗೆ ಹತ್ತಿರದ ಒಂದು ಜಾಗ, ಆರೋಗ್ಯ ತಪಾಸಣೆ, ವಿಶ್ರಾಂತಿ, ಕೊನೆಯಲ್ಲಿ ಒಬ್ಬ ಮನೋವಿಶ್ಲೇಷಕನ ಪ್ರಸ್ತಾಪ, ಇಷ್ಟೇ. ಲೇಖಕ ಬೇಕೆಂದೇ ಮಸುಕಾಗಿ ಬಿಟ್ಟದ್ದನ್ನು ನೀವೂ ಮಸುಕಾಗಿಯೇ ಬಿಡಿ.

ಇವು ಒಂದು ಗಂಟೆಯಲ್ಲಿ ಸರಿಯಾಗುವ ತಪ್ಪುಗಳು. ದೊಡ್ಡ ತೊಂದರೆ ನಿಮ್ಮ ವಾದದಲ್ಲೇ ಇದೆ. ‘ದೊಡ್ಡವರ ಲೋಕ ಬೂಟಾಟಿಕೆಯದು, ಹೋಲ್ಡನ್ ಪ್ರಾಮಾಣಿಕ, ಆದ್ದರಿಂದ ಅವನು ಪರಕೀಯ’ ಎಂದು ಹಿಡಿದು ಹೊರಟಿದ್ದೀರಿ. ಪರಕೀಯತೆ, ಅನಾಥಪ್ರಜ್ಞೆ ಇವೆಲ್ಲ ನವ್ಯ ವಿಮರ್ಶೆಯ ಕಾಲದಿಂದ ಕನ್ನಡದಲ್ಲಿ ಎಷ್ಟೋ ನಾಯಕರ ಬೆನ್ನಿಗೆ ಅಂಟಿಸಿಕೊಂಡು ಬಂದ ಚೀಟಿಗಳು. ಚೀಟಿ ಅಂಟಿಸಿದ ತಕ್ಷಣ ಓದುಗರಿಗೆ ಎಲ್ಲ ತಿಳಿಯಿತು ಅನ್ನಿಸುತ್ತದೆ, ನಿಮಗೂ ಅನ್ನಿಸಿಬಿಟ್ಟಿದೆ. ನಿಮ್ಮ ಲೇಖನದಲ್ಲಿ ‘ಪರಕೀಯ’ ಪದ ಇಪ್ಪತ್ತೆರಡು ಸಲ ಬಂದಿದೆ. ಆಲಿಯ ಹೆಸರು ಎರಡೇ ಸಲ, ಅದರಲ್ಲೂ ಒಂದು ಕಡೆ ಅಣ್ಣನಾಗಿ. ಈ ಲೆಕ್ಕ ತಿರುಗುಮುರುಗಾಗಬೇಕು.

ಯಾಕೆಂದರೆ ಈ ಕಾದಂಬರಿ ಸಮಾಜವನ್ನು ಬೈಯುವುದಕ್ಕಿಂತ ಹೆಚ್ಚಾಗಿ ಒಂದು ಸಾವಿನ ಸುತ್ತ ಸುತ್ತುತ್ತದೆ. ಆಲಿ ಲುಕೇಮಿಯಾದಿಂದ ತೀರಿಕೊಂಡದ್ದು 1946ರ ಜುಲೈ 18ರಂದು. ತನ್ನ ಬೇರೆ ವಿವರಗಳ ಬಗ್ಗೆ ಅಷ್ಟೊಂದು ಉಡಾಫೆಯ ಹುಡುಗ ಈ ತಾರೀಖನ್ನು ಮಾತ್ರ ಕರಾರುವಾಕ್ಕಾಗಿ ಹೇಳುತ್ತಾನೆ. ಆಗ ಅವನಿಗೆ ಹದಿಮೂರು. ಆ ರಾತ್ರಿ ಗ್ಯಾರೇಜಿನಲ್ಲಿ ಮಲಗಿ ಅದರ ಕಿಟಕಿ ಗಾಜುಗಳನ್ನೆಲ್ಲ ಮುಷ್ಟಿಯಿಂದ ಒಡೆದುಹಾಕಿದ. ಆ ಕೈ ಈಗಲೂ ಮಳೆ ಬಂದಾಗ ನೋಯುತ್ತದೆ, ಬಿಗಿಯಾಗಿ ಮುಷ್ಟಿ ಕಟ್ಟಲಾಗುವುದಿಲ್ಲ. ಆರನೆಯ ಅಧ್ಯಾಯದಲ್ಲಿ ಸ್ಟ್ರಾಡ್ಲೇಟರ್‌ಗೆ ಬಿದ್ದ ಅವನ ಏಟಿನಲ್ಲಿ ಯಾಕೆ ದಮ್ಮಿರಲಿಲ್ಲ ಎಂಬುದಕ್ಕೆ ಹೋಲ್ಡನ್ ಕೊಡುವ ಕಾರಣವೂ ಇದೇ ಕೈ. ಆ ಜಗಳಕ್ಕೆ ತುಸು ಮೊದಲು ಅವನು ಸ್ಟ್ರಾಡ್ಲೇಟರ್‌ಗಾಗಿ ಬರೆದುಕೊಟ್ಟ ಪ್ರಬಂಧ ಯಾವುದರ ಮೇಲೆ? ಆಲಿಯ ಬೇಸ್‌ಬಾಲ್ ಕೈಗವಸಿನ ಮೇಲೆ. ಆಟದ ನಡುವೆ ಬೇಜಾರಾದಾಗ ಓದಲಿಕ್ಕೆಂದು ಆಲಿ ಹಸಿರು ಶಾಯಿಯಲ್ಲಿ ಅದರ ಬೆರಳುಗಳ ಮೇಲೆಲ್ಲ ಕವಿತೆ ಬರೆದುಕೊಂಡಿದ್ದ. ಸ್ಟ್ರಾಡ್ಲೇಟರ್ ಕೋಣೆಯನ್ನೋ ಮನೆಯನ್ನೋ ವರ್ಣಿಸು ಎಂದು ಕೇಳಿದ್ದ, ಸಿಕ್ಕಿದ್ದು ಇದು. ನಿಮ್ಮ ಲೇಖನದಲ್ಲಿ ಈ ಪ್ರಬಂಧ ಇಲ್ಲವೇ ಇಲ್ಲ.

ಈಗ ಕೆಲಸದ ಮಾತು. ಕಾದಂಬರಿಯಲ್ಲಿ 26 ಅಧ್ಯಾಯ. ನಡೆಯುವ ಕಾಲ ಒಂದು ಶನಿವಾರ ಮಧ್ಯಾಹ್ನದಿಂದ ಸೋಮವಾರದವರೆಗೆ, ಆಲಿ ತೀರಿಕೊಂಡ ತಾರೀಖಿನಿಂದ ಲೆಕ್ಕ ಹಾಕಿದರೆ 1949ರ ಡಿಸೆಂಬರ್. ಒಂದು ಹಾಳೆ ತೆಗೆದುಕೊಂಡು ಅಧ್ಯಾಯಕ್ಕೊಂದು ಸಾಲು ಬರೆಯಿರಿ: ಎಲ್ಲಿದ್ದಾನೆ, ಯಾರ ಜೊತೆ, ಕೈಯಲ್ಲಿ ಅಥವಾ ತಲೆಯ ಮೇಲೆ ಏನಿದೆ. ಕೊನೆಯದೇ ಮುಖ್ಯ. ಈ ಕಾದಂಬರಿ ತನ್ನ ಭಾರವನ್ನೆಲ್ಲ ವಸ್ತುಗಳ ಮೇಲೆ ಹೊರಿಸುತ್ತದೆ. ಒಂದು ವಸ್ತುವನ್ನು ಆರಿಸಿಕೊಂಡು ಕೊನೆಯವರೆಗೆ ಹಿಂಬಾಲಿಸಿ.

ಕೆಂಪು ಬೇಟೆ ಟೋಪಿಯನ್ನೇ ತೆಗೆದುಕೊಳ್ಳಿ. ‘ಟೋಪಿ ಅವನ ವ್ಯಕ್ತಿತ್ವದ ಸಂಕೇತ’ ಎಂಬ ಒಂದು ವಾಕ್ಯದಲ್ಲಿ ನೀವದನ್ನು ಮುಗಿಸಿದ್ದೀರಿ. ಕತ್ತಿವರಸೆ ತಂಡದ ಸಾಮಾನನ್ನೆಲ್ಲ ಸಬ್‌ವೇ ರೈಲಿನಲ್ಲಿ ಬಿಟ್ಟು ಇಳಿದ ದಿನ ಒಂದು ಡಾಲರ್ ಕೊಟ್ಟು ಕೊಂಡ ಟೋಪಿ ಅದು, ಅಂದರೆ ಅವಮಾನದ ಗಳಿಗೆಯಲ್ಲಿ. ಏಟು ತಿಂದು ಮೂಗಿನಲ್ಲಿ ರಕ್ತ ಸುರಿಯುವಾಗ ಹುಡುಕಿ ಹಾಕಿಕೊಳ್ಳುತ್ತಾನೆ. ಹೋಟೆಲಿಗೆ ಕಾಲಿಡುವ ಮೊದಲು ತೆಗೆಯುತ್ತಾನೆ, ನೋಡಿದವರು ತಲೆಕೆಟ್ಟವನು ಅಂದುಕೊಂಡಾರೆಂದು. ಯಾರೇನೆಂದರೂ ನನಗೇನು ಎನ್ನುವ ಬಂಡಾಯಗಾರ ಹೀಗೆ ಮಾಡುತ್ತಾನೆಯೇ? ಇಪ್ಪತ್ಮೂರನೆಯ ಅಧ್ಯಾಯದಲ್ಲಿ ಫೀಬಿಗೆ ಕೊಡುತ್ತಾನೆ. ಇಪ್ಪತ್ತೈದರಲ್ಲಿ ಅವಳು ಅದನ್ನು ಹಾಕಿಕೊಂಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬರುತ್ತಾಳೆ, ಸಿಟ್ಟಿನಲ್ಲಿ ಅವನ ಮುಖಕ್ಕೆ ಎಸೆಯುತ್ತಾಳೆ, ಕೊನೆಗೆ ತಾನೇ ತೆಗೆದು ಅವನ ತಲೆಗಿಡುತ್ತಾಳೆ. ಇನ್ನೊಂದು: ಆಲಿಯ ಕೂದಲು ಕೆಂಪು, ಫೀಬಿಯದೂ ಕೆಂಪು, ಹೋಲ್ಡನ್‌ನ ತಲೆಯಲ್ಲಿ ಹದಿನಾರಕ್ಕೇ ಒಂದು ಬದಿ ನರೆ. ಇದನ್ನು ‘ಸಂಕೇತ’ ಎಂದು ವಿವರಿಸಹೋಗಬೇಡಿ. ವಿವರಗಳನ್ನು ಅಕ್ಕಪಕ್ಕ ಇಟ್ಟುಬಿಡಿ, ಓದುಗರಿಗೆ ಕಣ್ಣಿದೆ.

ಮುಗ್ಧತೆಯ ಪ್ರಶ್ನೆಗೆ ಬರೋಣ. ರೈ ಎಂಬ ಧಾನ್ಯದ ಹೊಲದಲ್ಲಿ ಆಡುವ ಮಕ್ಕಳು ಕಮರಿಗೆ ಬೀಳದಂತೆ ಹಿಡಿಯುವವನಾಗಬೇಕು ಎಂಬ ಅವನ ಆಸೆಯನ್ನು ಕಾದಂಬರಿಯ ತೀರ್ಮಾನವೆಂಬಂತೆ ಬರೆದಿದ್ದೀರಿ. ಬಹುತೇಕ ಲೇಖನಗಳು ಎಡವುವುದು ಇಲ್ಲೇ. ಆ ಮಾತು ಬರುವುದು ಇಪ್ಪತ್ತೆರಡನೆಯ ಅಧ್ಯಾಯದಲ್ಲಿ, ನಿನಗೆ ಇಷ್ಟವಾದದ್ದು ಏನಾದರೂ ಇದೆಯಾ ಎಂದು ಫೀಬಿ ಅವನನ್ನು ಗೋಡೆಗೆ ಒತ್ತಿದಂತೆ ಕೇಳಿದ ಮೇಲೆ. ಆ ಪ್ರಶ್ನೆಗೆ ಅವನ ಮನಸ್ಸಿಗೆ ಮೊದಲು ಬರುವುದು ಬೆಳಗ್ಗೆ ಕಂಡ ಇಬ್ಬರು ಸನ್ಯಾಸಿನಿಯರು ಮತ್ತು ಹಿಂದಿನ ಶಾಲೆಯಲ್ಲಿ ಕಿಟಕಿಯಿಂದ ಹಾರಿ ಸತ್ತ ಜೇಮ್ಸ್ ಕ್ಯಾಸಲ್. ಸಾಯುವಾಗ ಆ ಹುಡುಗ ತೊಟ್ಟಿದ್ದು ಹೋಲ್ಡನ್‌ನಿಂದ ಕೇಳಿ ಪಡೆದ ಸ್ವೆಟರ್. ಬಾಯಿಬಿಟ್ಟು ಹೇಳುವುದು ಆಲಿಯ ಹೆಸರು. ಬಿದ್ದವನೊಬ್ಬ, ಸತ್ತವನೊಬ್ಬ, ಆಮೇಲೆ ಹಿಡಿಯುವ ಆಸೆ. ಈ ಅನುಕ್ರಮ ಬಿಟ್ಟು ಆಸೆಯನ್ನಷ್ಟೇ ಎತ್ತಿಕೊಂಡರೆ ಅದು ಕ್ಯಾಲೆಂಡರಿನ ಮೇಲಿನ ಸುಭಾಷಿತವಾಗುತ್ತದೆ.

ಆ ಆಸೆ ಉಳಿಯುವುದೂ ಇಲ್ಲ. ಮರುದಿನ, ಇಪ್ಪತ್ತೈದನೆಯ ಅಧ್ಯಾಯದಲ್ಲಿ, ಫೀಬಿಯ ಶಾಲೆಯ ಗೋಡೆಯ ಮೇಲೆ ಒಂದು ಹೊಲಸು ಬೈಗುಳ ಕಾಣುತ್ತದೆ, ಕೈಯಿಂದ ಉಜ್ಜಿ ಅಳಿಸುತ್ತಾನೆ. ಇನ್ನೊಂದು ಕಡೆ ಅದೇ ಪದ, ಚಾಕುವಿನಿಂದ ಕೆತ್ತಿದ್ದು, ಅಳಿಯುವುದಿಲ್ಲ. ಮೂರನೆಯದು ಕಲಾ ಮ್ಯೂಸಿಯಮ್ಮಿನಲ್ಲಿ, ಪ್ರಶಾಂತವಾಗಿದೆ ಎಂದು ಅವನಿಗೆ ಹಿಡಿಸಿದ್ದ ಈಜಿಪ್ಟ್ ಗೋರಿಯೊಳಗೇ. ಎಷ್ಟು ಲಕ್ಷ ವರ್ಷ ಸಿಕ್ಕರೂ ಅರ್ಧದಷ್ಟನ್ನೂ ಅಳಿಸಲಾಗದು ಎಂದು ಅವನೇ ಒಪ್ಪುತ್ತಾನೆ. ಅದೇ ಮಧ್ಯಾಹ್ನ ಸೆಂಟ್ರಲ್ ಪಾರ್ಕಿನ ಮೆರಿ-ಗೋ-ರೌಂಡ್‌ನಲ್ಲಿ ಮಕ್ಕಳು ಬಂಗಾರದ ಉಂಗುರಕ್ಕೆ ಕೈಚಾಚುತ್ತವೆ, ಫೀಬಿಯೂ ಚಾಚುತ್ತಾಳೆ. ಬಿದ್ದರೆ ಬೀಳಲಿ, ಏನೂ ಅನ್ನಬಾರದು ಎಂದುಕೊಂಡು ಹೋಲ್ಡನ್ ಸುಮ್ಮನಿರುತ್ತಾನೆ. ಇಪ್ಪತ್ತೆರಡರ ಮಾತಿಗೂ ಇಪ್ಪತ್ತೈದರ ಮೌನಕ್ಕೂ ನಡುವೆ ಒಂದು ರಾತ್ರಿ. ನಿಮ್ಮ ಲೇಖನ ನಿಲ್ಲಬೇಕಾದ್ದು ಈ ಅಂತರದ ಮೇಲೆ.

ಇಲ್ಲೇ ಮಳೆಯನ್ನೂ ಗಮನಿಸಿ. ಇಪ್ಪತ್ತನೆಯ ಅಧ್ಯಾಯದಲ್ಲಿ ಅವನು ಆಲಿಯ ಸಮಾಧಿಯನ್ನು ನೆನೆಯುತ್ತಾನೆ: ಮಳೆ ಬಂದಾಗ ನೋಡಲು ಬಂದವರೆಲ್ಲ ಓಡಿ ಕಾರು ಹತ್ತಿ ರೇಡಿಯೋ ಹಾಕಿಕೊಳ್ಳುತ್ತಾರೆ, ಆಲಿ ಒಬ್ಬನೇ ನೆನೆಯುತ್ತ ಉಳಿಯುತ್ತಾನೆ. ಇಪ್ಪತ್ತೈದರಲ್ಲಿ ಜೋರು ಮಳೆಗೆ ತಂದೆತಾಯಿಗಳೆಲ್ಲ ಮೆರಿ-ಗೋ-ರೌಂಡ್‌ನ ಚಾವಣಿ ಕೆಳಗೆ ಓಡುತ್ತಾರೆ, ಹೋಲ್ಡನ್ ಬೆಂಚಿನ ಮೇಲೆ ಕೂತೇ ಇರುತ್ತಾನೆ. ಈ ಎರಡನ್ನೂ ಒಟ್ಟಿಗೆ ಓದಿ ಒಂದು ಪ್ಯಾರಾ ಬರೆದರೆ ಪರಕೀಯತೆಯ ಮೇಲಿನ ನಿಮ್ಮ ನಾಲ್ಕು ಪುಟ ಬೇಕಾಗುವುದಿಲ್ಲ.

ನಿರೂಪಕನನ್ನು ನೀವು ಪೂರ್ತಿ ನಂಬಿಬಿಟ್ಟಿದ್ದೀರಿ. ತಾನು ಭಾರಿ ಸುಳ್ಳುಗಾರ ಎಂದು ಹೋಲ್ಡನ್ ತಾನೇ ಹೇಳಿಕೊಳ್ಳುತ್ತಾನೆ. ರೈಲಿನಲ್ಲಿ ಸಹಪಾಠಿಯ ತಾಯಿಗೆ ಹಾಸ್ಟೆಲ್ ಜಾಡಮಾಲಿಯ ಹೆಸರನ್ನು ತನ್ನದೆಂದು ಹೇಳಿ, ಮೆದುಳಲ್ಲಿ ಸಣ್ಣ ಗೆಡ್ಡೆ ಇದೆ ಎಂದು ಕಥೆ ಕಟ್ಟುತ್ತಾನೆ. ಸಿನಿಮಾ ಅಂದರೆ ಆಗದು ಎನ್ನುತ್ತಾನೆ, ಹೋಟೆಲಿನ ಲಿಫ್ಟ್ ನಡೆಸುವ ಮಾರೀಸ್ ಹೊಟ್ಟೆಗೆ ಗುದ್ದಿದಾಗ ಮಾತ್ರ ಗುಂಡೇಟು ತಿಂದ ಸಿನಿಮಾ ಹೀರೋನಂತೆ ತನ್ನನ್ನು ಕಲ್ಪಿಸಿಕೊಳ್ಳುತ್ತಾನೆ. ಆದ್ದರಿಂದ ಹಾಳೆಯ ಇನ್ನೊಂದು ಬದಿಗೆ ಎರಡು ಅಂಕಣ ಎಳೆಯಿರಿ, ಹೇಳುವುದು ಒಂದು ಕಡೆ, ಮಾಡುವುದು ಒಂದು ಕಡೆ. ಎಂಟು ಹತ್ತು ಉದಾಹರಣೆ ಸಲೀಸಾಗಿ ಸಿಗುತ್ತವೆ. ಲೇಖನಕ್ಕೆ ಎರಡು ಸಾಕು.

ಹಳೆಯ ಮೇಷ್ಟ್ರು ಆಂಟೋಲಿನಿಯ ಮನೆಯ ಪ್ರಸಂಗವನ್ನು ‘ಲೈಂಗಿಕ ದೌರ್ಜನ್ಯ’ ಎಂದು ತೀರ್ಪು ಕೊಟ್ಟು ಮುಂದೆ ಹೋಗಿದ್ದೀರಿ. ಮಲಗಿದ್ದ ಹುಡುಗನ ತಲೆ ಸವರಿದ್ದು, ಹುಡುಗ ಬೆದರಿ ಓಡಿದ್ದು ಪಠ್ಯದಲ್ಲಿದೆ. ಜೇಮ್ಸ್ ಕ್ಯಾಸಲ್ ಬಿದ್ದಾಗ ಕೋಟು ಹೊದಿಸಿ ಎತ್ತಿಕೊಂಡು ಹೋದವನು ಈ ಆಂಟೋಲಿನಿಯೇ ಎಂಬುದೂ, ನಾನು ತಪ್ಪು ತಿಳಿದೆನೇನೋ ಎಂದು ಹೋಲ್ಡನ್ ಮರುದಿನ ಗೊಂದಲಕ್ಕೆ ಬೀಳುವುದೂ ಇದೆ. ಮೂರನ್ನೂ ಹೇಳಿ, ತೀರ್ಪು ಬಿಡಿ.

ಲೇಖಕರ ಜೀವನಕ್ಕೆ ಕೊಟ್ಟ ಆರುನೂರು ಪದಗಳಿಗೆ ಕತ್ತರಿ ಹಾಕಿ. ನ್ಯೂ ಹ್ಯಾಂಪ್‌ಶೈರ್‌ನ ಕಾರ್ನಿಷ್‌ನಲ್ಲಿ ಏಕಾಂತ, 1965ರ ನಂತರ ಏನನ್ನೂ ಪ್ರಕಟಿಸದೆ 2010ರಲ್ಲಿ ತೀರಿಕೊಂಡದ್ದು, ಜಾನ್ ಲೆನನ್ ಹಂತಕನ ಕೈಯಲ್ಲಿ ಈ ಪುಸ್ತಕ ಇದ್ದದ್ದು: ರೋಚಕವೇನೋ ಹೌದು, ನಿಮ್ಮ ವಾದಕ್ಕೆ ಉಪಯೋಗವಿಲ್ಲ. ಉಳಿಸುವುದಾದರೆ ಎರಡು ಸಂಗತಿ ಉಳಿಸಿ. ಪುಸ್ತಕ ಬಂದದ್ದು 1951ರ ಜುಲೈಯಲ್ಲಿ. ಆದರೆ ಹೋಲ್ಡನ್ ಅದಕ್ಕೂ ಮೊದಲೇ, 1945ರಲ್ಲಿ ಕಾಲಿಯರ್ಸ್, 1946ರಲ್ಲಿ ನ್ಯೂಯಾರ್ಕರ್ ಪತ್ರಿಕೆಯ ಸಣ್ಣಕಥೆಗಳಲ್ಲಿ ಕಾಣಿಸಿಕೊಂಡಿದ್ದ. ಅದೇ ವರ್ಷಗಳಲ್ಲಿ ಸ್ಯಾಲಿಂಜರ್ 1944ರ ಜೂನ್ 6ರಂದು ಅಮೆರಿಕನ್ ಸೈನಿಕರಾಗಿ ನಾರ್ಮಂಡಿಯ ಯೂಟಾ ತೀರದಲ್ಲಿ ಇಳಿದು, ಯುದ್ಧ ಮುಗಿಯುವವರೆಗೆ ಯುರೋಪಿನಲ್ಲಿದ್ದು, 1945ರಲ್ಲಿ ಮಾನಸಿಕ ಆಘಾತಕ್ಕೆ ಆಸ್ಪತ್ರೆ ಸೇರಿದ್ದರು. ಯುದ್ಧದ ಬಗ್ಗೆ ಹೆಚ್ಚೇನೂ ಹೇಳದ ಕಾದಂಬರಿಯಲ್ಲಿ ಸಾವು ಯಾಕಿಷ್ಟು ದಟ್ಟವಾಗಿದೆ ಎಂಬ ಪ್ರಶ್ನೆಗೆ ಇದು ಒಂದು ಸುಳಿವು. ಪುರಾವೆ ಅಂತ ಬಳಸಬೇಡಿ.

ಕೊನೆಯ ಎರಡು ಪುಟದಲ್ಲಿ ನಮ್ಮ ಪಿಯುಸಿ ಹುಡುಗರು, ಅಂಕಗಳ ಒತ್ತಡ, ಮೊಬೈಲು, ಪೋಷಕರಿಗೆ ಕಿವಿಮಾತು ಎಲ್ಲ ಬಂದಿವೆ. ಪೂರ್ತಿ ತೆಗೆಯಿರಿ. ಹೋಲಿಸಲೇಬಾರದೆಂದಲ್ಲ, ಹೋಲಿಸುವ ಮೊದಲು ದುಡ್ಡಿನ ಲೆಕ್ಕ ನೋಡಬೇಕಿತ್ತು. ಹೋಲ್ಡನ್‌ನ ಅಪ್ಪ ಕಾರ್ಪೊರೇಟ್ ವಕೀಲ. ಮರೆವಿನ ಅಜ್ಜಿ ವರ್ಷಕ್ಕೆ ನಾಲ್ಕು ಸಲ ಹುಟ್ಟುಹಬ್ಬದ ದುಡ್ಡು ಕಳಿಸುತ್ತಾಳೆ. ಶಾಲೆ ಬಿಟ್ಟ ರಾತ್ರಿ ಮ್ಯಾನ್‌ಹಟನ್ನಿನಲ್ಲಿ ಹೋಟೆಲ್ ಕೋಣೆ ಹಿಡಿಯಬಲ್ಲ ಹುಡುಗ ಅವನು. ಇದು ಕಾದಂಬರಿಗೂ ಗೊತ್ತು: ಹದಿನೈದನೆಯ ಅಧ್ಯಾಯದಲ್ಲಿ ಹಿಂದಿನ ಶಾಲೆಯ, ಅಗ್ಗದ ಸೂಟ್‌ಕೇಸಿನ ರೂಮ್‌ಮೇಟ್‌ಗೆ ನಾಚಿಕೆಯಾಗದಿರಲೆಂದು ಹೋಲ್ಡನ್ ತನ್ನ ದುಬಾರಿ ಸೂಟ್‌ಕೇಸುಗಳನ್ನೂ ಮಂಚದಡಿ ತಳ್ಳುತ್ತಾನೆ. ಆ ಹುಡುಗ ಅವನ್ನು ಹೊರತೆಗೆದು ಮತ್ತೆ ಸ್ಟ್ಯಾಂಡಿನ ಮೇಲಿಡುತ್ತಾನೆ, ನೋಡಿದವರು ತನ್ನವೇ ಅಂದುಕೊಳ್ಳಲಿ ಎಂದು. ಕನ್ನಡದ ಹಾಸ್ಟೆಲ್ ಹುಡುಗರ ಜೊತೆ ಹೋಲಿಕೆಗೆ ಬಾಗಿಲು ಬೇಕಿದ್ದರೆ ಅದು ಇಲ್ಲಿದೆ. ಅದನ್ನು ಬೇರೆ ಲೇಖನವಾಗಿಯೇ ಬರೆಯಿರಿ.

ಮರುಬರಹ 1500 ಪದ ಮೀರಬಾರದು. ಕಥಾಸಾರಕ್ಕೆ 150, ಟೋಪಿಗೋ ಮಳೆಗೋ 500, ಇಪ್ಪತ್ತೆರಡು–ಇಪ್ಪತ್ತೈದರ ನಡುವಿನ ಅಂತರಕ್ಕೆ 500, ಉಳಿದದ್ದು ನಿಮ್ಮಿಷ್ಟ. ಮೊದಲ ಮೂರು ಪ್ಯಾರಾ ತೆಗೆದು ಫೀಬಿಯ ದುಡ್ಡಿನ ಆರು ಸಾಲಿನಿಂದಲೇ ಶುರುಮಾಡಿ. ಪಠ್ಯದಿಂದ ಎತ್ತಿದ್ದಕ್ಕೆ ಅಧ್ಯಾಯ ಸಂಖ್ಯೆ ಹಾಕಿ, ಪುಟ ಸಂಖ್ಯೆ ಬೇಡ. ಆವೃತ್ತಿಯಿಂದ ಆವೃತ್ತಿಗೆ ಪುಟ ಬದಲಾಗುತ್ತದೆ, ತಾಳೆ ನೋಡಲು ನಮಗೆ ತೊಂದರೆ.

ವಂದನೆಗಳೊಂದಿಗೆ,
ಸಂಪಾದಕರು