ಕೆರೆ ಕೋಡಿ ಬಿದ್ದರೂ ಬೋರ್‌ವೆಲ್ ಯಾಕೆ ಬತ್ತುತ್ತದೆ?

ಪ್ರಶ್ನೆ: 2021ರ ನವೆಂಬರ್‌ನಲ್ಲಿ ನಮ್ಮ ಕಡೆ ಕೆರೆಗಳೆಲ್ಲ ಕೋಡಿ ಬಿದ್ದವು. ಮರುವರ್ಷವೂ ಒಳ್ಳೆ ಮಳೆ. ಇನ್ನು ಹತ್ತು ವರ್ಷ ನೀರಿನ ಚಿಂತೆ ಇಲ್ಲ ಅಂದುಕೊಂಡೆವು. 2023ರಲ್ಲಿ ಮಳೆ ಕೈಕೊಟ್ಟಿತು, 2024ರ ಬೇಸಿಗೆಗೆ ನಮ್ಮ ಬೋರ್‌ವೆಲ್ ನಿಂತೇ ಹೋಯಿತು. ಅಷ್ಟು ನೀರು ಎಲ್ಲಿಗೆ ಹೋಯಿತು? ಹವಾಮಾನ ಬದಲಾವಣೆ ಅನ್ನುತ್ತಾರಲ್ಲ, ಅದಕ್ಕೂ ನಮ್ಮೂರಿಗೂ ಏನು ಸಂಬಂಧ?
– ಓದುಗರು, ಚಿಕ್ಕಬಳ್ಳಾಪುರ ತಾಲ್ಲೂಕು

ಉತ್ತರ: ಕೋಡಿ ಬಿದ್ದ ನೀರು ನಿಮ್ಮ ಊರಲ್ಲಿ ನಿಲ್ಲಲಿಲ್ಲ, ಅದೇ ವಿಷಯ. ಉತ್ತರ ಪಿನಾಕಿನಿ, ಚಿತ್ರಾವತಿಗೆ ಸೇರಿದ್ದು ಆಂಧ್ರಕ್ಕೆ ಹೋಯಿತು, ದಕ್ಷಿಣ ಪಿನಾಕಿನಿಗೆ ಸೇರಿದ್ದು ತಮಿಳುನಾಡಿಗೆ. ಇಷ್ಟೆಲ್ಲ ನದಿ ನಂದಿ ಬೆಟ್ಟದ ಸುತ್ತಮುತ್ತಲೇ ಹುಟ್ಟುತ್ತವೆ, ಆದರೆ ವರ್ಷವಿಡೀ ಹರಿಯುವ ಒಂದು ನದಿಯೂ ನಮಗಿಲ್ಲ.

ಕೆರೆ ತುಂಬಿದ ಮಾತ್ರಕ್ಕೆ ಭೂಮಿ ತುಂಬಿತು ಅಂತ ಅಲ್ಲ. ನಮ್ಮ ಕಾಲಡಿ ಇರುವುದು ಗಟ್ಟಿ ಬಂಡೆ. ಮೇಲೆ ಸ್ವಲ್ಪ ಮಣ್ಣು, ಅದರ ಕೆಳಗೆ ಸವೆದು ಪುಡಿಯಾದ ಕಲ್ಲಿನ ಪದರ. ಹಿಂದಿನವರ ತೆರೆದ ಬಾವಿಗಳಿಗೆ ನೀರು ಬರುತ್ತಿದ್ದದ್ದು ಈ ಪದರದಿಂದ. ಅದಕ್ಕೂ ಕೆಳಗೆ ಹೋದರೆ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು. ಮೇಲಿನ ಪದರ ಒಣಗಿ ಎಷ್ಟೋ ವರ್ಷ ಆಯಿತು, ಈಗ ಸಾವಿರ ಅಡಿ ದಾಟಿ ಕೊರೆಸುತ್ತಿದ್ದೇವೆ. ಅಷ್ಟು ಆಳಕ್ಕೆ ಎರಡು ಮಳೆಗಾಲದ ನೀರು ಇಳಿಯುವುದೇ ಕಷ್ಟ. ಇಳಿದದ್ದನ್ನೂ ನಾವು ಅದೇ ವೇಗದಲ್ಲಿ ಎತ್ತುತ್ತೇವೆ. ಜೊತೆಗೆ ಆಳದ ನೀರು ಬಂಡೆಯೊಳಗೆ ತುಂಬಾ ಕಾಲ ನಿಂತಿರುವುದರಿಂದ ಅದರಲ್ಲಿ ಫ್ಲೋರೈಡ್ ಸೇರಿರುತ್ತದೆ. ಬಾಗೇಪಲ್ಲಿ, ಪಾವಗಡ ಕಡೆ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಹವಾಮಾನ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. ಕೇಳೋಕೆ ಚಿಕ್ಕ ಅಂಕಿ. ಆದರೆ ಅದರ ಫಲ ಏನು ಅಂದರೆ, ಮಳೆ ಬಾರದ ದಿನಗಳಲ್ಲಿ ಬಿಸಿ ಗಾಳಿ ಕೆರೆಯಿಂದ, ಹೊಲದಿಂದ, ಎಲೆಯಿಂದ ತೇವ ಹೀರುತ್ತಲೇ ಇರುತ್ತದೆ, ಸುರಿಯುವಾಗ ಮಾತ್ರ ಒಂದೇ ಸಲಕ್ಕೆ ಸುರಿದುಬಿಡುತ್ತದೆ. ನಮ್ಮ ಜಿಲ್ಲೆಗಳಿಗೆ ವರ್ಷಕ್ಕೆ ಬೀಳುವುದೇ 700 ಮಿಲಿಮೀಟರ್ ಆಸುಪಾಸು. ಅದರಲ್ಲಿ 100 ಮಿಲಿಮೀಟರ್ ಹತ್ತು ದಿನ ಸೋನೆಯಾಗಿ ಬಂದರೆ ಮಣ್ಣು ಕುಡಿಯುತ್ತದೆ. ಒಂದೇ ರಾತ್ರಿ ಬಂದರೆ ರಾಜಕಾಲುವೆ ಒಡೆದು, ಹೊಲದ ಮೇಲ್ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ. ಮಳೆಮಾಪಕದಲ್ಲಿ ಎರಡೂ ಒಂದೇ ಲೆಕ್ಕ, ನಿಮ್ಮ ಬೋರ್‌ವೆಲ್‌ಗೆ ಒಂದೇ ಅಲ್ಲ.

ಹಾಗಾದರೆ ಜೋರು ಮಳೆಯ ವೇಗ ತಗ್ಗಿಸುವುದು ಯಾರು? ಕೆರೆಗಿಂತ ಮೊದಲು ಆ ಕೆಲಸ ಮಾಡುವುದು ಬೆಟ್ಟದ ಮೇಲಿನ ಕುರುಚಲು ಕಾಡು. ನಾವೆಲ್ಲ ಕೆರೆ ಹೂಳೆತ್ತುವ ಮಾತಾಡುತ್ತೇವೆ. ಹೂಳು ಬಂದದ್ದು ಎಲ್ಲಿಂದ ಅಂತ ತಲೆ ಎತ್ತಿ ನೋಡುವುದು ಕಡಿಮೆ. ಬೋಳು ಬೆಟ್ಟದ ಕೆಳಗಿನ ಕೆರೆಯ ಹೂಳನ್ನು ಎಷ್ಟು ಸಲ ಎತ್ತಿದರೂ ಮತ್ತೆ ತುಂಬುತ್ತದೆ.

ಪ್ರಶ್ನೆ: ದೇವರಾಯನದುರ್ಗದ ಕಡೆ ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬೀಳುತ್ತಿರುತ್ತದೆ. ಸುಡುವುದು ಹುಲ್ಲು ತಾನೇ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ ಬಿಡು ಅಂತಾರೆ ನಮ್ಮಜ್ಜ. ನಿಜವಾ?
– ಕಾಲೇಜು ವಿದ್ಯಾರ್ಥಿನಿ, ತುಮಕೂರು

ಉತ್ತರ: ಅಜ್ಜನ ಮಾತು ಅರ್ಧ ನಿಜ ಕಣಮ್ಮ. ಹುಲ್ಲು ಚಿಗುರುತ್ತದೆ, ಅದರ ಬೇರಿಗೆ ಅಷ್ಟು ಬೇಗ ಏನೂ ಆಗುವುದಿಲ್ಲ. ಆದರೆ ಹುಲ್ಲಿನ ನಡುವೆ ಮೊಳಕಾಲುದ್ದ ಬೆಳೆದಿದ್ದ ಮುತ್ತುಗ, ಬೇವು, ನೇರಳೆ ಸಸಿಗಳು? ಅವು ಸುಟ್ಟುಹೋಗುತ್ತವೆ. ಮುಂದಿನ ವರ್ಷ ಮತ್ತೆ ಹುಟ್ಟಿದವೂ ಮತ್ತೆ ಸುಡುತ್ತವೆ. ದೊಡ್ಡ ಮರಗಳು ನಿಂತಿರುವುದರಿಂದ ಕಾಡು ಚೆನ್ನಾಗಿದೆ ಅನ್ನಿಸುತ್ತದೆ, ಆದರೆ ಕೆಳಗೆ ಎಳೆಯ ಮರವೇ ಇರುವುದಿಲ್ಲ. ಹಳೆ ಮರ ಬಿದ್ದ ಜಾಗವನ್ನು ಲಂಟಾನ ಹಿಡಿಯುತ್ತದೆ, ಒಣಗಿದ ಲಂಟಾನ ಇನ್ನೂ ಜೋರಾಗಿ ಉರಿಯುತ್ತದೆ.

ನಾನು ಬೆಳೆದದ್ದು ಊರ್ಡಿಗೆರೆ ಕಡೆ. ಬೆಂಕಿ ಬಿದ್ದ ಬೆಟ್ಟದಲ್ಲಿ ಮೊದಲ ಮಳೆಯ ಮಾರನೇ ದಿನ ನಡೆದರೆ ಕಾಲುವೆಯಲ್ಲಿ ಕಪ್ಪು ನೀರು ಹೋಗುತ್ತಿರುತ್ತದೆ. ಅದು ಬೂದಿ, ಅದರ ಜೊತೆಗೆ ಮಣ್ಣು. ತರಗೆಲೆ ಹೊದಿಕೆ ಇದ್ದರೆ ಹನಿ ಮೊದಲು ಎಲೆಯ ಮೇಲೆ ಬಿದ್ದು, ನಿಧಾನವಾಗಿ ಮಣ್ಣಿಗೆ ಇಳಿಯುತ್ತದೆ. ಹೊದಿಕೆ ಸುಟ್ಟಿದ್ದರೆ ಹನಿ ನೇರ ಮಣ್ಣಿಗೆ ಹೊಡೆಯುತ್ತದೆ, ಮಣ್ಣು ಮುಚ್ಚಿಕೊಂಡು ನೀರು ಮೇಲಿಂದ ಮೇಲೆ ಓಡುತ್ತದೆ.

ಈ ಬೆಟ್ಟ ಸಣ್ಣದಲ್ಲ ಅನ್ನುವುದನ್ನು ಅಜ್ಜನಿಗೆ ಹೇಳು. ಜಯಮಂಗಲಿ ಹುಟ್ಟುವುದು ಇಲ್ಲೇ, ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರುತ್ತದೆ. ಶಿಂಷಾ ಹುಟ್ಟುವುದೂ ಇಲ್ಲೇ, ಅದು ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ. ಒಂದು ಬೀಡಿ ತುಂಡಿನಿಂದ, ಅಥವಾ ಹೊಸ ಹುಲ್ಲು ಬರಲಿ ಅಂತ ಯಾರೋ ಹಚ್ಚಿದ ಕಡ್ಡಿಯಿಂದ, ಎರಡು ನದಿಗಳ ಬುಡಕ್ಕೆ ಬೆಂಕಿ ಬೀಳುತ್ತದೆ. ಬೆಂಕಿ ಹಿಂದೆಯೂ ಬೀಳುತ್ತಿತ್ತು, ನಿಜ. ಈಗ ಬಿಸಿಲು ಹೆಚ್ಚಾಗಿ ಕಾಡು ಬೇಗ ಒಣಗುತ್ತದೆ, ಬಿದ್ದ ಬೆಂಕಿ ಬೇಗ ಹಬ್ಬುತ್ತದೆ. ಹೊಗೆ ಕಂಡ ಕೂಡಲೇ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ವಿಡಿಯೊ ಆಮೇಲೆ ಮಾಡಿಕೊಂಡರಾಯಿತು.

ಪ್ರಶ್ನೆ: ಎರಡು ಎಕರೆಯಲ್ಲಿ ನೀಲಗಿರಿ ಇದೆ. ಮರ ಬೆಳೆಸಿದರೆ ಹವಾಮಾನಕ್ಕೆ ಒಳ್ಳೆಯದು ಅನ್ನುತ್ತಾರೆ, ಮತ್ತೆ ನೀಲಗಿರಿ ಕೀಳಿ ಅಂತಲೂ ಅನ್ನುತ್ತಾರೆ. ಯಾವುದನ್ನು ಕೇಳಲಿ?
– ರೈತರು, ಮಾಲೂರು

ಉತ್ತರ: ಕೀಳಿಸಿ. ಮರ ಅಂದರೆಲ್ಲ ಒಂದೇ ಅಲ್ಲ. ನೀಲಗಿರಿಯ ಬೇರು ಆಳಕ್ಕೆ ಇಳಿಯುತ್ತದೆ, ವರ್ಷವಿಡೀ ಬೆಳೆಯುತ್ತದೆ, ಮಳೆ ಕಡಿಮೆ ಇರುವ ನಮ್ಮಂಥ ಕಡೆ ಮಣ್ಣಿನ ತೇವವನ್ನೆಲ್ಲ ಅದೇ ಕುಡಿಯುತ್ತದೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯದನ್ನು ಕಡಿದರೆ ಸಾಲದು, ಬುಡದಿಂದ ಮತ್ತೆ ಚಿಗುರುತ್ತದೆ, ಬೇರು ಸಮೇತ ತೆಗೆಸಬೇಕು. ಖರ್ಚಾಗುತ್ತದೆ, ಗೊತ್ತು. ಆಳು ಇಲ್ಲದೆ, ಬೇರೆ ದಾರಿ ಕಾಣದೆ ನೀಲಗಿರಿ ಹಾಕಿದವರೇ ಜಾಸ್ತಿ, ಅವರನ್ನು ಬೈದು ಏನು ಪ್ರಯೋಜನ? ಒಂದೇ ಸಲ ಆಗದಿದ್ದರೆ ಅರ್ಧ ಎಕರೆಯಿಂದ ಶುರು ಮಾಡಿ. ಬದುವಿನ ಮೇಲೆ ಹೊಂಗೆ, ಹುಣಸೆ ಹಾಕಿ, ನಡುವೆ ರಾಗಿ, ಅವರೆ ಬಿತ್ತಿ. ಇಳಿಜಾರಿಗೆ ಅಡ್ಡವಾಗಿ ಬದು ಹಾಕುವುದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ: ನಮ್ಮೂರ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂದಿದೆ. ಕುಡಿಯಬಹುದಾ?
– ಗೃಹಿಣಿ, ಕೋಲಾರ ತಾಲ್ಲೂಕು

ಉತ್ತರ: ಬೇಡಮ್ಮ. 2018ರಿಂದ ಬರುತ್ತಿರುವ ಈ ನೀರು ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿದ್ದು. ಉದ್ದೇಶ ಅಂತರ್ಜಲ ಏರಿಸುವುದು, ಕುಡಿಯುವುದಲ್ಲ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಅಂತ ಜಿಲ್ಲೆಯ ಜನ ಕೇಳುತ್ತಿರುವುದು ನ್ಯಾಯವಾಗಿಯೇ ಇದೆ. ಕೆರೆ ಪಕ್ಕದ ಬಾವಿ, ಬೋರ್‌ವೆಲ್ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ, ಆಮೇಲೆ ಬಿಂದಿಗೆ ಇಡಿ.